ನಾಲ್ಕು ಬೆರಳ ಒಳಮಡಿಕೆ

ಪಾಂಡವಪುರದ ಪೇಟೆಬೀದಿಯಲ್ಲಿ ತಾಯಮ್ಮನೆಂಬಾಕೆ ಕಾಲುಮಿಷನ್ನಿನ ಮುಂದೆ ಕುಳಿತು ಊರ ಮಕ್ಕಳಿಗೆಲ್ಲ ಶಾಲೆಯ ಬಟ್ಟೆ ಹೊಲಿದುಕೊಡುತ್ತಿದ್ದಳು. ಲಂಗವಾಗಲಿ ಚಡ್ಡಿಯಾಗಲಿ, ಅಂಚಿನಲ್ಲಿ ನಾಲ್ಕು ಬೆರಳಗಲ ಬಟ್ಟೆಯನ್ನು ಒಳಕ್ಕೆ ಮಡಿಚಿ ಹೊಲಿಯದೆ ಆಕೆ ಯಾವುದನ್ನೂ ಕೈಬಿಟ್ಟವಳಲ್ಲ. "ಬರೋ ವರ್ಷ ಬಿಚ್ಕೊಳ್ಳಿ ಅಂತ ಒಳಗೆ ಬಿಟ್ಟಿವ್ನಿ" ಎಂದು ಹೇಳಿ ಮಡಿಚಿದ ಬಟ್ಟೆಯನ್ನು ತಾಯಂದಿರ ಕೈಗಿಡುವಳು. ಮಿಷನ್ನಿನ ಕೆಳಗೆ ದಾರದ ತುಂಡುಗಳನ್ನು ಆಯುತ್ತ ಕುಳಿತಿರುತ್ತಿದ್ದ ಅವಳ ಮಗ ಚಲುವರಾಜುವಿಗೆ ಮೂರನೆಯ ವಯಸ್ಸಿನಲ್ಲಿ ಪೋಲಿಯೊ ಬಂದು ಬಲಗಾಲು ಸೊರಗಿತ್ತು. ಬೇರೆ ಮಕ್ಕಳು ಬೀದಿಯಲ್ಲಿ ಓಡುವಾಗ ಅವನು ತಾಯಿಯ ಕೈಗಳನ್ನೇ ನೋಡಿಕೊಂಡು ಬೆಳೆದನು.

ಆ ಕೈಗಳ ವಿದ್ಯೆ ಮುಂದೆ ಬಟ್ಟೆಯಿಂದ ಲೋಹಕ್ಕೆ ಏರಿತು. ತನಗೆ ಮೊದಲ ಕ್ಯಾಲಿಪರ್ ತೊಡಿಸಿದ ಮೈಸೂರಿನ ಕಮ್ಮಟದಲ್ಲಿಯೇ ಚಲುವರಾಜು ಕೆಲಸ ಕಲಿತನು; ಅಲ್ಲಿಂದ ಮಸ್ಕತ್ತಿಗೆ ಬಂದು, ಘಾಲಾದ ಗ್ಯಾರೇಜುಗಳ ನಡುವಣ ಒಂದು ಖಾಸಗಿ ಕಮ್ಮಟದಲ್ಲಿ ಇಪ್ಪತ್ತೆರಡು ವರ್ಷ ಕಳೆದನು. ಕಾಲಿನ ಎರಡು ಮಗ್ಗುಲಿಗೂ ಲೋಹದ ಪಟ್ಟಿ, ಮೊಣಕಾಲಿನ ಬಳಿ ಕೀಲು, ತೊಡೆಗೂ ಮೀನಖಂಡಕ್ಕೂ ಚರ್ಮದ ಬಂಧ, ಕೆಳಗೆ ಬೂಟು: ಇಷ್ಟೇ ಕ್ಯಾಲಿಪರ್. ಆದರೆ ನಿಲ್ಲಲಾರದ ಮಗುವನ್ನು ಅದು ನಿಲ್ಲಿಸುತ್ತದೆ. ಚಲುವರಾಜು ಪಟ್ಟಿಗಳನ್ನು ಅಳತೆಗಿಂತ ನಾಲ್ಕು ಬೆರಳು ಉದ್ದ ಕತ್ತರಿಸಿ, ಎರಡು ತುಂಡು ಮಾಡಿ, ಹೆಚ್ಚಿನ ಭಾಗ ಒಂದರ ಮೇಲೊಂದು ಬರುವಂತೆ ಜೋಡಿಸಿ, ಮುಂದಿನ ರಂಧ್ರಗಳನ್ನು ಈಗಲೇ ಕೊರೆದು ತಿರುಪುಗಳಿಂದ ಮುಚ್ಚಿಡುತ್ತಿದ್ದನು. ಕಾಲು ಬೆಳೆದಾಗ ತಿರುಪು ಕಳಚಿ ಇಳಿಸಿದರಾಯಿತು. ಡ್ರಿಲ್ಲನ್ನು ಒತ್ತುವ ಮುನ್ನ ಮೇಲುಕೋಟೆಯ ಚೆಲುವನಾರಾಯಣನನ್ನು ಒಮ್ಮೆ ನೆನೆಯುವನು. ತನ್ನ ಕಾಲಿನದನ್ನು ತಾನೇ ಮಾಡಿಕೊಂಡಾಗಲೂ ಕೈ ಅಭ್ಯಾಸವನ್ನು ಮರೆಯಲಿಲ್ಲ. ಅದರಲ್ಲಿಯೂ ನಾಲ್ಕು ಬೆರಳು ಮಿಕ್ಕಿತು. ಮೈ ತೆಳುವಾದ್ದರಿಂದ ಅದಕ್ಕೂ ಮಕ್ಕಳ ಪಟ್ಟಿಯನ್ನೇ ಬಳಸಿದ್ದನು.

ಉಗ್ರಾಣದ ಮೊಯ್ದೀನ್ ಅದನ್ನು ಕಂಡಾಗಲೆಲ್ಲ ಕೆಣಕುತ್ತಿದ್ದನು. "ರಾಜಣ್ಣ, ಐವತ್ತು ಕಳೆಯಿತು. ನೀವು ಇನ್ನೂ ಉದ್ದ ಆಗ್ಲಿಕ್ಕೆ ಉಂಟಾ?"

"ಯಾರ್ ಕಂಡವ್ರೆ ಮೊಯ್ದೀನು. ದೇವ್ರು ಮನಸ್ಸು ಮಾಡಿದ್ರೆ?"

ತೈಲದ ಬೆಲೆ ಪಾತಾಳಕ್ಕಿಳಿದ ಎರಡನೆಯ ವರ್ಷ, ಎರಡು ಸಾವಿರದ ಹದಿನಾರರ ಜನವರಿಯಲ್ಲಿ, ಕಮ್ಮಟದ ಮ್ಯಾನೇಜರು, ಕರಾವಳಿಯ ವಿಕ್ಟರ್, ಚಲುವರಾಜುವಿನ ಮೇಜಿನ ಬಳಿ ಬಂದು ನಿಂತನು. ಮೇಜಿನ ಮೇಲೆ ಒಂದು ಪುಟ್ಟ ಎಡಗಾಲಿನ ಪಟ್ಟಿಗಳಿದ್ದವು.

"ಇದಕ್ಕೆ ನಾಲ್ಕು ಬೆರಳು ಜಾಸ್ತಿ ಇಟ್ಟದ್ದು ಎಂತಕ್ಕೆ ಚಲುವರಾಜ್? ಡ್ರಾಯಿಂಗಿನಲ್ಲಿ ಉಂಟಾ?"

"ಮಗು ಬೆಳೀತದಲ್ಲಾ ಸಾರ್."

"ಬೆಳೆದ್ರೆ ಗೌರ್ಮೆಂಟು ವರ್ಷಕ್ಕೊಂದು ಹೊಸತು ಕೊಡ್ತದೆ. ಅದಕ್ಕೇ ಅಲ್ವಾ ಅವರ ಕಚೇರಿ ಇರುವುದು?" ವಿಕ್ಟರ್ ದನಿ ತಗ್ಗಿಸಿದನು. "ಜನ ಕಡಿಮೆ ಮಾಡಿ ಅಂತ ಮೇಲಿನಿಂದ ಕಾಗದ ಬಂದಿದೆ ಮಾರಾಯ್ರೆ. ಮಾಲು ಹಾಳು ಮಾಡುವವ ಯಾರು ಅಂತ ಮೊದಲು ಕೇಳ್ತಾರೆ. ನಿಮ್ಮ ಹೆಸರು ನನ್ನ ಬಾಯಿಂದ ಬರ್ಬಾರ್ದು ಅಂತ ಹೇಳುವುದು ನಾನು."

ಚಲುವರಾಜು ಪೆನ್ಸಿಲಿನಿಂದ ಗೆರೆ ಹಾಕಿ, ಅಳಿಸಿ, ಮತ್ತೆ ಹಾಕಿ, ಕಡೆಗೆ ಪಟ್ಟಿಗಳನ್ನು ಅಳತೆಗೆ ಸರಿಯಾಗಿ ಕತ್ತರಿಸಿದನು. ಮಿಕ್ಕ ತುಂಡುಗಳನ್ನು ಅಂದೇ ಸಂಜೆ ಗುಜರಿಯವನು ಒಯ್ದನು. ಅದು ರಯ್ಯಾ ಎಂಬ ಒಂಬತ್ತು ವರ್ಷದ ಹುಡುಗಿಯ ಕಾಲಿನದು. ಇಪ್ಪತ್ತೆರಡು ವರ್ಷಗಳಲ್ಲಿ ಅವನು ಒಳಮಡಿಕೆಯಿಲ್ಲದೆ ಹೊರಗೆ ಕಳುಹಿದ್ದು ಅದೊಂದನ್ನೇ. ಮರುವಾರದಿಂದ ಅವನ ಕೈ ಮತ್ತೆ ಹಳೆಯ ದಾರಿಗೇ ಹೊರಳಿತು. ವಿಕ್ಟರನೂ ಕಂಡು ಕಾಣದಂತಿದ್ದನು.

ಮೇ ತಿಂಗಳಿನಲ್ಲಿ ಆ ಸರ್ಕಾರಿ ಕಚೇರಿಯ ಬಾಗಿಲು ಮುಚ್ಚಿತು. ಬೊಕ್ಕಸ ಬರಿದಾಗುತ್ತಿರಲು, ಮೂರು ಕಚೇರಿಗಳನ್ನು ಒಂದಾಗಿಸುವ ಏರ್ಪಾಡು ನಡೆದಿದೆಯೆಂದೂ ಮುಂದಿನ ಸೂಚನೆಯವರೆಗೆ ಯಾವ ಕಡತವೂ ಚಲಿಸದೆಂದೂ ಬಾಗಿಲಿಗೆ ಒಂದು ಹಾಳೆ ಅಂಟಿಸಿದರು. ಅಂಗವಿಕಲರಿಗೆ ತಿಂಗಳು ತಿಂಗಳು ಬರುತ್ತಿದ್ದ ಸಹಾಯಧನ ನಿಂತಿತು; ಹೊಸ ಸಲಕರಣೆಗಳ ಮಂಜೂರಾತಿಯೂ ನಿಂತಿತು. ಕಮ್ಮಟಕ್ಕೆ ಬರಬೇಕಾದುದು ಬಾರದಾದಾಗ ಲೋಹದ ಪಟ್ಟಿ ಕಳುಹುತ್ತಿದ್ದ ಹೊರದೇಶದವರೂ ಕೈ ಕಟ್ಟಿ ಕುಳಿತರು.

ಬೇಸಗೆಯುದ್ದಕ್ಕೂ ತಾಯಂದಿರು ಮಕ್ಕಳನ್ನೆತ್ತಿಕೊಂಡು ಘಾಲಾಕ್ಕೆ ಬಂದರು. ಚಲುವರಾಜು ತಗ್ಗು ಮಣೆಯ ಮೇಲೆ ಬಲಗಾಲನ್ನು ನೀಳವಾಗಿ ಚಾಚಿ ಕುಳಿತು ತಿರುಪು ಕಳಚಿ, ಒಂದೆರಡು ರಂಧ್ರ ಕೆಳಗಿಳಿಸಿ, ಮತ್ತೆ ಬಿಗಿಯುವನು. ಹೊಸದಕ್ಕಾಗಿ ಬೇಡಿಕೊಳ್ಳಲು ಬಂದವರು ಹಳೆಯದೇ ಉದ್ದವಾದುದನ್ನು ಕಂಡು ಬೆರಗಾಗಿ ಹಿಂತಿರುಗುವರು. ಹೀಗೆ ಹನ್ನೊಂದು ಮಕ್ಕಳು ನಡೆದುಕೊಂಡೇ ಹೋದರು. ಪ್ರತಿಯೊಂದು ಮಗು ಹೊಸ್ತಿಲು ದಾಟಿದಾಗಲೂ ಅವನಿಗೆ ಒಳಮಡಿಕೆಯಿಲ್ಲದ ಆ ಹನ್ನೆರಡನೆಯದು ನೆನಪಾಗುತ್ತಿತ್ತು.

ಆಗಸ್ಟಿನ ಕೊನೆಯ ವಾರ ರಯ್ಯಾ ಬಂದಳು. ಅವಳ ತಾತ ಸಯೀದ್, ಬರ್ಕಾದ ತೋಟಗಳಿಂದ ಅಲ್ ಮವಾಲೇಹ್‌ನ ತರಕಾರಿ ಮಾರುಕಟ್ಟೆಗೆ ಪಿಕಪ್ ಗಾಡಿಯಲ್ಲಿ ಸೌತೆಕಾಯಿ ಸಾಗಿಸುವ ಮುದುಕ. ಸಹಾಯಧನ ನಿಂತ ಮೇಲೆ ಶಾಲೆಯ ವ್ಯಾನೂ ನಿಂತು, ಮಗು ಸೌತೆಕಾಯಿಯ ಪೆಟ್ಟಿಗೆಗಳ ಜೊತೆಯಲ್ಲಿಯೇ ಓಡಾಡುತ್ತಿತ್ತು. ಹುಟ್ಟಿನಿಂದ ಬೆನ್ನುಹುರಿಯ ದೋಷವಿದ್ದ ಅವಳ ಎಡಗಾಲಿಗೆ ಬಲವಿಲ್ಲ, ಸ್ಪರ್ಶವೂ ಇಲ್ಲ.

"ನಿಂತು ನೋಡು. ಎಲ್ಲಿ ಒತ್ತುತ್ತದೆ?" ಚಲುವರಾಜು ತನಗೆ ಬರುವ ಅರಬ್ಬಿಯಲ್ಲಿ ಕೇಳಿದನು. ಪ್ರತಿ ಮಗುವಿಗೂ ಅವನು ಕೇಳುವ ಪ್ರಶ್ನೆ ಅದು.

"ಎಲ್ಲೂ ಇಲ್ಲ ಅಮ್ಮೋ" ಎಂದಳು. ಚಿಕ್ಕಪ್ಪನನ್ನು ಅಲ್ಲಿಯ ಮಕ್ಕಳು ಕರೆಯುವುದೇ ಹಾಗೆ.

ಅವಳ ಮಾತನ್ನು ಅವನು ಎಂದೂ ನಂಬಿದವನಲ್ಲ. ಚರ್ಮದ ಬಂಧದ ಕೆಳಗೆ ಬೆರಳು ತೂರಿಸಿ ಸುತ್ತಲೂ ಆಡಿಸಿದನು. ಬೆರಳ ತುದಿ ಒದ್ದೆಯಾಯಿತು. ಬಂಧ ಬಿಚ್ಚಿ ನೋಡಿದರೆ, ನೋವೆಂಬುದು ತಿಳಿಯದ ಆ ಕಾಲಿನಲ್ಲಿ ಒಂದು ಗಾಯ ಬಾಯ್ದೆರೆದಿತ್ತು. ಕೀಲು ಅವಳ ಮೊಣಕಾಲಿಗಿಂತ ಎರಡು ಬೆರಳು ಕೆಳಗೆ ಉಳಿದುಬಿಟ್ಟಿತ್ತು.

"ಇದನ್ನು ಇನ್ನು ತೊಡುವಂತಿಲ್ಲ" ಎಂದನು.

ಸಯೀದ್ ತಲೆಯ ಟೋಪಿಯನ್ನು ತೆಗೆದು ಮತ್ತೆ ಇಟ್ಟುಕೊಂಡನು. "ಶುಕ್ರವಾರ ಶನಿವಾರದ ರಜೆ ಕಳೆದು ಭಾನುವಾರ ಶಾಲೆ ಶುರು. ನಾಲ್ಕನೆಯ ತರಗತಿ ಮೇಲಿನ ಮಹಡಿಯಲ್ಲಿದೆ. ನಾನು ಎತ್ತಿಕೊಂಡು ಹೋಗುತ್ತೇನೆ ಎಂದರೆ ಇವಳು ಕೇಳುವುದಿಲ್ಲ."

"ಸೌತೆಕಾಯಿ ಮೂಟೆಯ ಹಾಗೆ ಹೆಗಲ ಮೇಲೆ ಹಾಕಿಕೊಳ್ಳುತ್ತಾನೆ" ಎಂದಳು ರಯ್ಯಾ. "ಎಲ್ಲರೂ ನೋಡುತ್ತಾರೆ. ಹಾಗಾದರೆ ನಾನು ಶಾಲೆಗೇ ಹೋಗುವುದಿಲ್ಲ. ಖಲಾಸ್."

ತಾತ ನಗಲಿಲ್ಲ. ಅವಳು ಆಡಿದಂತೆ ಮಾಡುವವಳೆಂದು ಅವನಿಗೆ ಗೊತ್ತಿತ್ತು. ಶಾಲೆಯ ಮೊದಲ ದಿನಗಳು ತಪ್ಪಿದರೂ ಸರಿ, ಗಾಯಕ್ಕೆ ಮದ್ದು ಹಾಕಿಸಿ, ಆಸ್ಪತ್ರೆಯವರು ಹೇಳಿದಷ್ಟು ದಿನ ಕಾಲಿಗೆ ಬಿಡುವು ಕೊಟ್ಟು, ಹತ್ತನೆಯ ದಿನ ಕರೆತರುವಂತೆ ಚಲುವರಾಜು ಹೇಳಿದನು. ಹೇಳಿದ ಮೇಲೆ, ತಾನು ಯಾವ ಬಲದಿಂದ ಆ ಮಾತು ಕೊಟ್ಟೆನೆಂದು ಅವನಿಗೇ ತಿಳಿಯಲಿಲ್ಲ.

ಮೊಯ್ದೀನ್ ಉಗ್ರಾಣದ ಬಾಗಿಲು ತೆರೆದು ತೋರಿಸಿದನು. "ನೋಡಿ ರಾಜಣ್ಣ. ಚರ್ಮ ಉಂಟು, ತಿರುಪು ಉಂಟು. ಪಟ್ಟಿ ಅಂತ ಒಂದು ಬೆರಳಿನಷ್ಟೂ ಇಲ್ಲ." ಚಲುವರಾಜು ಘಾಲಾದ ಅಂಗಡಿಗಳನ್ನೆಲ್ಲ ಸುತ್ತಿದನು. ಕಿಟಕಿಯ ಚೌಕಟ್ಟಿಗೆ ಬರುವ ಅಲ್ಯುಮಿನಿಯಂ ಮಾತ್ರ ದೊರೆಯಿತು; ಮೊಣಕಾಲಿಗೆ ಒತ್ತಿ ನೋಡಿದರೆ ಅದು ಬಳ್ಳಿಯಂತೆ ಬಾಗಿತು. ಅದರ ಮೇಲೆ ಮಗುವನ್ನು ನಿಲ್ಲಿಸಲು ಮನಸ್ಸು ಒಪ್ಪಲಿಲ್ಲ.

ಎಂಟನೆಯ ದಿನದ ಮುಂಜಾವಿನಲ್ಲಿ ಅವನು ಎಂದಿನಂತೆ ಕ್ಯಾಲಿಪರನ್ನು ಕಳಚಿ ಬದಿಗಿಟ್ಟು ದೇವರ ಪಟದ ಮುಂದೆ ಕುಳಿತಿದ್ದನು; ಕಣ್ಣು ಮಾತ್ರ ಬದಿಗಿಟ್ಟ ಕ್ಯಾಲಿಪರಿನ ಮೇಲಿತ್ತು. ಹೆಂಡತಿ ಚಿತ್ರಾ ಮಂಗಳಾರತಿಯ ತಟ್ಟೆ ಹಿಡಿದು ಕಾದಳು.

"ಕರ್ಪೂರ ಆರೋಗ್ತಾ ಐತೆ ಕಣ್ರೀ. ದೇವ್ರು ಆ ಕಡೆ ಅವ್ನೆ, ನೀವು ಈ ಕಡೆ ನೋಡ್ತಾ ಕೂತಿದೀರ."

"ಚಿತ್ರಾ, ನಾನಿನ್ನು ಬೆಳೀತೀನಾ?"

"ಹೊಟ್ಟೆ ಒಂದ್ ಬೆಳೀತಾ ಐತೆ. ಕಾಲಂತೂ ಇಲ್ಲ. ಯಾಕೆ?"

ಅವನು ಎರಡು ಕೈಗಳನ್ನೂ ಆರತಿಗೆ ಚಾಚಿ ಕಣ್ಣಿಗೊತ್ತಿಕೊಂಡನು. ಪೂಜೆಯಲ್ಲಿ ಕುಳಿತು ಅನ್ಯವನ್ನು ನೋಡಿದ್ದು ತಪ್ಪೆಂದು ಶಾಸ್ತ್ರ ಬಲ್ಲವರು ಹೇಳಿಯಾರು. ಅಂದು ಅವನ ಕಣ್ಣನ್ನು ಆ ಕಡೆಗೆ ತಿರುಗಿಸಿದವನು ಪಟದಲ್ಲಿದ್ದವನೇ ಎಂದು ನಂಬಲು ನಮಗೇನೂ ಅಡ್ಡಿಯಿಲ್ಲ.

ಕಮ್ಮಟದಲ್ಲಿ ಅವನು ಮಕ್ಕಳು ಕೂರುವ ಎತ್ತರದ ಬೆಂಚಿನ ಮೇಲೆ ತಾನು ಕುಳಿತು, ಪ್ಯಾಂಟನ್ನು ತೊಡೆಯವರೆಗೆ ಮಡಿಚಿ, ತನ್ನ ಕ್ಯಾಲಿಪರಿನ ತಿರುಪುಗಳಿಗೆ ಕೈ ಹಾಕಿದನು. ಮೊಯ್ದೀನ್ ಪಟ್ಟಿಯ ತುದಿ ಹಿಡಿದುಕೊಂಡನು; ಆ ದಿನ ಕೆಣಕಲಿಲ್ಲ. ಗರಗಸದಿಂದ ಕೊಯ್ದ ಒಳಮಡಿಕೆಯ ಎರಡು ತುಂಡುಗಳು ಮೇಜಿನ ಮೇಲೆ ಬಿದ್ದ ಸದ್ದಿಗೆ ವಿಕ್ಟರ್ ಒಳಬಂದನು.

"ಎಂತ ಮಾಡ್ತಾ ಇದ್ದೀರಿ ನೀವು?"

"ಕಂಪ್ನಿ ಮಾಲಲ್ಲ ಸಾರ್. ಇದು ನಂದು."

ವಿಕ್ಟರ್ ಆ ತುಂಡುಗಳನ್ನೂ, ಬೆತ್ತಲೆಯಾಗಿದ್ದ ಆ ಸೊರಗಿದ ಕಾಲನ್ನೂ, ಪಕ್ಕದಲ್ಲಿದ್ದ ರಯ್ಯಾಳ ಹೆಸರಿನ ಚೀಟಿಯನ್ನೂ ನೋಡಿದನು. ಜನವರಿಯ ಮಾತು ಇಬ್ಬರಿಗೂ ನೆನಪಿತ್ತು. ವಿಕ್ಟರ್ ಹೊರಹೋಗಿ ತುಸು ಹೊತ್ತಿಗೆ ಮರಳಿದಾಗ ಕೈಯಲ್ಲಿ ಒಂದು ಸುರುಳಿ ಮೆತ್ತನೆಯ ಚರ್ಮವಿತ್ತು. "ಗಾಯ ಆದ ಕಡೆಗೆ ಇದನ್ನು ಹಾಕಿ. ನಯ ಉಂಟು" ಎಂದು ಮೇಜಿನ ಮೇಲಿಟ್ಟು ಹೋದನು.

ರಯ್ಯಾಳ ಪಟ್ಟಿಗಳನ್ನು ನಡುವೆ ಕತ್ತರಿಸಿ, ಬಿಡುವು ಕೊಟ್ಟು, ಆ ಬಿಡುವಿನ ಮೇಲೆ ತನ್ನ ತುಂಡುಗಳನ್ನಿಟ್ಟು ಎರಡು ಕಡೆಯೂ ತಿರುಪು ಬಿಗಿದು, ಅಂಚುಗಳನ್ನು ಅರದಿಂದ ಉಜ್ಜಿ ನಯಗೊಳಿಸಲು ಅವನಿಗೆ ಒಂದೂವರೆ ದಿನ ಹಿಡಿಯಿತು. ಹತ್ತನೆಯ ದಿನ ಅವಳು ತೊಟ್ಟು ನಿಂತಳು. ಕೀಲು ಮೊಣಕಾಲಿಗೆ ಸರಿಯಾಗಿ ಕೂತಿತ್ತು. ಬೆರಳು ತೂರಿಸಿ ನೋಡಿದನು, ಒಣಗಿತ್ತು.

"ಈ ಹೊಸ ತುಂಡು ಎಲ್ಲಿಂದ ಬಂತು ಅಮ್ಮೋ?"

ಅವನು ಹೇಳುವ ಮುನ್ನವೇ ಮೊಯ್ದೀನ್ ಅರಬ್ಬಿಯಲ್ಲಿ ಎಲ್ಲವನ್ನೂ ಒದರಿಬಿಟ್ಟನು. ಹುಡುಗಿ ಬಗ್ಗಿ ಚಲುವರಾಜುವಿನ ಪ್ಯಾಂಟಿನ ಅಂಚನ್ನು ತುಸು ಎತ್ತಿ ನೋಡಿ, ಮತ್ತೆ ಇಳಿಬಿಟ್ಟಳು. ಮರುದಿನ ಸಯೀದ್ ಒಂದು ಪೆಟ್ಟಿಗೆ ಸೌತೆಕಾಯಿ ತಂದಿಳಿಸಿ, ಅವಳು ಇಪ್ಪತ್ತೆರಡು ಮೆಟ್ಟಿಲುಗಳನ್ನು ತಾನೇ ಹತ್ತಿದಳೆಂದೂ, ತಾನು ಕೆಳಗೆ ನಿಂತು ಎಣಿಸಿದೆನೆಂದೂ ಹೇಳಿದನು.

ಅಲ್ಲಿಂದಾಚೆಗೆ ಚಲುವರಾಜುವಿನ ನಡಿಗೆಯಲ್ಲಿ ಒಂದು ಸದ್ದು ಸೇರಿತು. ಒಳಮಡಿಕೆ ಹೋದ ಕಡೆ ಪಟ್ಟಿ ತುಸು ಸಡಿಲಗೊಂಡು ಹೆಜ್ಜೆಗೊಮ್ಮೆ ಟಿಕ್ ಎನ್ನುತ್ತಿತ್ತು. ಅವನು ಬರುವುದು ಚಿತ್ರಾಳಿಗೆ ಮೆಟ್ಟಿಲ ಬುಡದಿಂದಲೇ ತಿಳಿಯುತ್ತಿತ್ತು. ಅವಳು ಚಹಾಕ್ಕೆ ನೀರಿಡುವಳು.

ಮರುವರ್ಷದ ಆರಂಭದಲ್ಲಿ ಹೊಸ ಹೆಸರಿನ ಕಚೇರಿ ಬಾಗಿಲು ತೆರೆಯಿತು. ನಿಂತ ಸಹಾಯಧನ ಒಂದೊಂದಾಗಿ ಬರತೊಡಗಿತು. ರಯ್ಯಾಳ ಹೊಸ ಕ್ಯಾಲಿಪರಿನ ಮಂಜೂರಾತಿಯೂ ಬಂದಿತು. ಅದನ್ನು ನಾಲ್ಕು ಬೆರಳು ಉದ್ದಕ್ಕೇ ಕತ್ತರಿಸುವಾಗ ವಿಕ್ಟರ್ ಹತ್ತಿರವೇ ನಿಂತಿದ್ದನು. ಹೊಸದನ್ನು ಕೊಡುವಾಗ ಹಳೆಯದನ್ನು ಕಚೇರಿಗೆ ಹಿಂತಿರುಗಿಸಬೇಕೆಂಬುದು ಕಟ್ಟಳೆ. ವಿಕ್ಟರ್ ಅದನ್ನು ಚೀಲಕ್ಕೆ ಹಾಕಲು ಕೈ ಚಾಚಿದಾಗ ರಯ್ಯಾ ಬಿಡಲಿಲ್ಲ.

"ಇದರಲ್ಲಿ ಎರಡು ತುಂಡು ಸರ್ಕಾರದ್ದಲ್ಲ. ಅಮ್ಮೋನದು."

ವಿಕ್ಟರ್ ಕಚೇರಿಯ ಸಲಕರಣೆಗಳ ಯಾದಿಯ ಮೇಲೆ ಬೆರಳಾಡಿಸಿದನು. "ಹೌದು ಮಾರಾಯ್ರೆ. ಇದರಲ್ಲಿ ಬರೆದಿಲ್ಲ" ಎಂದು ಕನ್ನಡದಲ್ಲಿ ಹೇಳಿ ತಿರುಪುಳಿಯನ್ನು ಹುಡುಗಿಯ ಕೈಗಿತ್ತನು.

ಅವಳು ತುಂಡುಗಳನ್ನು ಕಳಚಿಕೊಂಡು, ಚಲುವರಾಜು ದಿನವೂ ಕೂರುವ ತಗ್ಗು ಮಣೆಯ ಮೇಲೆ ತನ್ನ ಹೊಸ ಕಾಲನ್ನು ಅವನಂತೆಯೇ ಚಾಚಿ ಕುಳಿತಳು. ಬೆಂಚಿನ ಕಡೆಗೆ ಗಲ್ಲ ಎತ್ತಿ ತೋರಿಸಿದಳು. ಐವತ್ತಮೂರು ವರ್ಷದ ಆ ಮನುಷ್ಯ ಹೋಗಿ ಮಕ್ಕಳು ಕೂರುವ ಬೆಂಚಿನ ಮೇಲೆ ಕುಳಿತು ಪ್ಯಾಂಟು ಮಡಿಚಿದನು. ಒಂದು ತಿರುಪು ಅಡ್ಡಹೋಗಿ ನೆಲಕ್ಕೆ ಬಿತ್ತು; ಮೊಯ್ದೀನ್ ಹುಡುಕಿ ಕೊಟ್ಟನು. ಅವಳು ನಾಲಗೆಯನ್ನು ತುಟಿಯ ನಡುವೆ ಕಚ್ಚಿಕೊಂಡು ಎಲ್ಲವನ್ನೂ ಬಿಗಿದಳು.

"ನಿಂತು ನೋಡು" ಎಂದಳು. "ಎಲ್ಲಿ ಒತ್ತುತ್ತದೆ?"

ಚಲುವರಾಜು ಎದ್ದು ನಿಂತನು. ಒಂದು ಹೆಜ್ಜೆ ಇಟ್ಟನು, ಸದ್ದಾಗಲಿಲ್ಲ.

"ಎಲ್ಲೂ ಇಲ್ಲ" ಎಂದನು.

ಅವಳು ಆ ಮಾತನ್ನು ನಂಬದೆ, ಚರ್ಮದ ಬಂಧದ ಕೆಳಗೆ ತನ್ನ ಪುಟ್ಟ ಬೆರಳನ್ನು ತೂರಿಸಿ ಸುತ್ತಲೂ ಆಡಿಸಿ ನೋಡಿದಳು.