ನೆಲ ಅದುರುವ ಊರಿನಲ್ಲಿ ಸೂರು ಹುಡುಕುವ ಕನಕಮ್ಮ

ಚಿನ್ನದ ಗಣಿ ಮುಚ್ಚಿದ ಊರು ಚಾಂಪಿಯನ್ ರೀಫ್ಸ್. ಅದಿರು ಅರೆದು ಉಳಿದ ಮಣ್ಣಿನ ಸೈನೈಡ್ ದಿಬ್ಬಗಳನ್ನು ಬೆಳಗಿನ ಮಂಜು ಇನ್ನೂ ಬಿಟ್ಟುಕೊಟ್ಟಿಲ್ಲ. ದಿಬ್ಬಗಳು ನೆಲಕ್ಕೆ ತಾಗದೆ ತೇಲುತ್ತಿರುವಂತಿವೆ. ಗಣಿ ಕಾಲದ ಖಾಲಿ ಸಾಲುಮನೆಯೊಂದರೊಳಗೆ ಕನಕಮ್ಮ ಚಿಲಕ ಹಾಕುತ್ತಾರೆ, ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ. ಎಡಗೈಯ ಮೊಬೈಲಿನಲ್ಲಿ ವಿಡಿಯೊ ಓಡುತ್ತಿದೆ.

"ಏನಮ್ಮಾ, ಚಿಲಕಾನ ಹೀರೊಯಿನ್ ಮಾಡ್ಬುಟ್ಯಾ?" ಪಕ್ಕದ ಮನೆಯ ನಿವೃತ್ತ ಗಣಿ ಕಾರ್ಮಿಕ ಸೆಲ್ವರಾಜ್ ಹೊರಗಿನಿಂದ ಕೆಣಕುತ್ತಾರೆ.

"ಸುಮ್ಕಿರಣ್ಣ, ನಿನ್ ದನೀನೂ ರೆಕಾರ್ಡ್ ಆಗ್ತೈತೆ. ಆಗ್ಲಿ ಬುಡು, ಪಕ್ಕದಾಗೆ ಮನುಸ್ರವ್ರೆ ಅಂತ ಅವ್ರಿಗೂ ಗೊತ್ತಾಗ್ಲಿ."

'ಅವರು' ಎಂದರೆ ಯುದ್ಧಕ್ಕೆ ಮನೆ ಕಳೆದುಕೊಂಡು, ನಿರಾಶ್ರಿತರ ಗುರುತಿನ ಚೀಟಿ ಹಿಡಿದು ಬೆಂಗಳೂರು ಮುಟ್ಟಿದವರು. ಬೂದಿಕೋಟೆಯಿಂದ ಇಲ್ಲಿಗೆ ಸೊಸೆಯಾಗಿ ಬಂದ ಕನಕಮ್ಮ ದಿನಾ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕಸ ಗುಡಿಸುತ್ತಾರೆ. ಒಂದು ದಿನ ಅಂಥ ತಾಯಿಯೊಬ್ಬಳು ಮಕ್ಕಳನ್ನು ತಬ್ಬಿಕೊಂಡು ಮೆಟ್ಟಿಲ ಮೇಲೆ ಮಲಗಿದ್ದನ್ನು ಅಲ್ಲೇ ಕಂಡರು. ಸಂಜೆ ರೈಲಿನಲ್ಲಿ, ಜೊತೆಗೆ ಓಡಾಡುವ ಹೆಂಗಸರ ವಾಟ್ಸಾಪ್ ಗುಂಪಿಗೆ "ಯಾರ ಸಾಲಿನಾಗಾದ್ರೂ ಮನೆ ಖಾಲಿ ಐತಾ?" ಎಂದು ಧ್ವನಿ ಸಂದೇಶ ಬಿಟ್ಟರು. ಬಂಗಾರಪೇಟೆ ಬರುವಷ್ಟರಲ್ಲಿ ಮನೆ ಸಿಕ್ಕಿತ್ತು.

ಆಮೇಲೆ ಹತ್ತಾರು ಕುಟುಂಬಗಳು ಹೀಗೆ ಕೆಲವು ತಿಂಗಳು ತಂಗಿ ಹೋಗಿವೆ. ಮನೆ ಮಾಲೀಕರನ್ನು ಒಪ್ಪಿಸಿ, ಠಾಣೆಗೆ ತಿಳಿಸಿ, ನಲ್ಲಿ, ಬಚ್ಚಲು, ಚಿಲಕ ಎಲ್ಲದರ ವಿಡಿಯೊ ಮಾಡಿ ಬರುವವರಿಗೆ ಕಳಿಸುವುದು ಕನಕಮ್ಮನ ಕ್ರಮ. ಭಾಷೆ ಬಾರದವರಿಗೆ ಫೋನೇ ಅನುವಾದಿಸಿ ಹೇಳುತ್ತದೆ.

ಆದರೂ ಒಂದು ತಪ್ಪು ಆಗಿಯೇ ಹೋಯಿತು. ಬರ್ಮಾದ ತಮಿಳು ಕುಟುಂಬದ ಮಾರಿಯಮ್ಮ ಮಕ್ಕಳೊಂದಿಗೆ, ಮುದಿ ತಾಯಿಯೊಂದಿಗೆ ಈ ಸಾಲಿಗೆ ಬಂದ ವಾರದಲ್ಲೇ ಮುಚ್ಚಿದ ಗಣಿಯ ಆಳದಲ್ಲಿ ಬಂಡೆ ಸಿಡಿದು ಮನೆ ಅದುರಿತು. ಇಲ್ಲಿಯವರು 'ಏರ್ ಬ್ಲಾಸ್ಟ್' ಎಂದು ಲೋಟ ಗಟ್ಟಿಯಾಗಿ ಹಿಡಿದು ಕಾಫಿ ಮುಂದುವರಿಸುತ್ತಾರೆ. ಮಾರಿಯಮ್ಮನಿಗೆ ಅದು ಬಾಂಬು. ಎಲ್ಲರನ್ನೂ ಎಳೆದುಕೊಂಡು ಬರಿಗಾಲಲ್ಲಿ ಸ್ಟೇಷನ್ನಿಗೆ ಓಡಿದರು.

"ಮದ್ವೆಯಾಗಿ ಬಂದಾಗ ನಾನೂ ಎದ್ರಿದ್ದೆ. ಆಮೇಲೆ ಮರ್ತೇ ಓಯ್ತು ನೋಡಿ. ಚಿಲಕ ತೋರ್ಸಿದೋಳಿಗೆ ನೆಲದ ವಿಸ್ಯ ಯೋಳ್ಬೇಕು ಅನ್ನಿಸ್ಲೇ ಇಲ್ಲ," ಎಂದು ಕನಕಮ್ಮ ತಲೆ ತಗ್ಗಿಸುತ್ತಾರೆ.

ಅಂದು ಹಿಂದೆಯೇ ಸ್ಟೇಷನ್ನಿಗೆ ಓಡಿದ ಕನಕಮ್ಮನ ಕಣ್ಣೆದುರೇ ಅವರ ಡ್ಯೂಟಿ ರೈಲು ಹೊರಟುಹೋಯಿತು. ಮಾರಿಯಮ್ಮ ಬೆಂಚು ಬಿಟ್ಟು ಏಳಲಿಲ್ಲ. "ಆ ಮನೆ ವೇಂಡಾಂ, ಬೇಡ ಅಕ್ಕಾ." ಬೆಂಗಳೂರಿಗೆ ಹೋದರೆ ಮತ್ತೆ ಬೀದಿ. ಹುಡುಕಿಕೊಂಡು ಬಂದ ಸೆಲ್ವರಾಜ್ ಮಕ್ಕಳ ಪಕ್ಕ ನೆಲಕ್ಕೇ ಕೂತರು. "ಗಣಿ ಕೆಳಗೆ ಇದ್ದಾಗ ನಾನೂ ಓಡಿದ್ದೀನಮ್ಮಾ. ಮೇಲೆ ಬರೀ ಪಾತ್ರೆ ಅಲ್ಲಾಡುತ್ತೆ. ಈ ನೆಲಕ್ಕೆ ಯಾರ ಮೇಲೂ ಕೋಪ ಇಲ್ಲ."  ಮಾರಿಯಮ್ಮ ಮಕ್ಕಳನ್ನು ಎಬ್ಬಿಸಿ ಸಾಲುಮನೆಯ ಕಡೆಗೆ ಹೊರಟರು.

ಮೊನ್ನೆ ಇನ್ನೊಮ್ಮೆ ಅದುರಿತು. ಅಜ್ಜಿ ಮಗ್ಗಲು ಬದಲಿಸಿ ಮಲಗಿದರಂತೆ. ಅದನ್ನು ಹೇಳುವಾಗ ಕನಕಮ್ಮನ ಕಣ್ಣಲ್ಲಿ ಏನೋ ಹೊಳೆಯುತ್ತದೆ. "ನಂಗೇನ್ ಆಸೆ? ಇಲ್ಲಿಂದ ಓಗೋ ದಿನ ಇವ್ರು ಓಡ್ಬಾರ್ದು. ಮಕ್ಳ ಕೈ ಇಡ್ಕಂಡು ಮೆಲ್ಗೆ ನಡ್ಕಂಡು ಓಗ್ಬೇಕು."