ಸುಶೀಲಕ್ಕನ ಬೋಗುಣಿಗೆ ತಾಮ್ರದ ಜರಡಿ

ನನ್ನ ಲೋಹಪರೀಕ್ಷೆಯ ಉಪಕರಣದಲ್ಲಿ ಕ್ಷ-ಕಿರಣ ಸೂಸುವ ಮೂಲ ತನ್ನ ಡಬ್ಬಿಯಿಂದ ಜಾರಿ ಬೀಳಬಹುದಿತ್ತು. ಕರೆಂಟು ಹೋಗಬಹುದಿತ್ತು, ಹೊಸಪೇಟೆಯಲ್ಲಿ ಇದನ್ನು ಊಹಿಸಲು ಹೆಚ್ಚು ಕಲ್ಪನಾಶಕ್ತಿ ಬೇಡ. ಸಂಡೂರಿನ ಅದಿರು ಲಾರಿಗಳ ಕೆಂಪು ಧೂಳು ಒಳನುಗ್ಗಿ, ಜಗತ್ತೆಲ್ಲ ಕಬ್ಬಿಣವೆಂದು ಉಪಕರಣ ಸಾಧಿಸಬಹುದಿತ್ತು. ಬೋಗುಣಿ ನನ್ನ ಕೈಜಾರಿ ನಗ್ಗಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅದರೊಳಗೆ ನಿಜಕ್ಕೂ ಸೀಸ ಇರಬಹುದಿತ್ತು.

ಬೋಗುಣಿ ಪಕ್ಕದ ಮನೆಯ ಸುಶೀಲಕ್ಕನದು. ಕಂಪ್ಲಿಯ ಅಮ್ಮನ ಮನೆಯಿಂದ ಬಂದ ಹಿತ್ತಾಳೆ. ಬಸುರಿ ಮಗಳು ಹೆರಿಗೆಗೆ ಬಂದಿದ್ದಾಳೆ, ಅವಳಿಗೆ ಇದರಲ್ಲೇ ಅಡುಗೆ ಮಾಡಿ ಹಾಕಬೇಕೆಂದು ಹೊಸದಾಗಿ ಕಲಾಯಿ ಮಾಡಿಸಿದ್ದರು. ಕಲಾಯಿಯ ತವರಕ್ಕೆ ಕೆಲವರು ಅಗ್ಗದ ಸೀಸ ಬೆರೆಸುತ್ತಾರೆ, ಹೊಟ್ಟೆಯಲ್ಲಿರುವ ಕೂಸಿಗೆ ಅದು ವಿಷ ಎಂದು ಕಟ್ಟೆಯ ಮೇಲೆ ಕೂತು ಉಪನ್ಯಾಸ ಕೊಟ್ಟವನು ನಾನೇ.

"ಹೆದರಿಸಿದೋರು ನೀವಾ. ಈಗ ನೋಡಿ ಹೇಳೋರೂ ನೀವಾ ಆಗ್ರಿ ಸರ್," ಎಂದು ಬೋಗುಣಿ ಹೊತ್ತು ಕಾಲೇಜಿಗೇ ಬಂದರು.

ಭೌತಶಾಸ್ತ್ರ ಕಲಿಸುವುದು ನನ್ನ ಹೊಟ್ಟೆಪಾಡು; ರಜೆಯಲ್ಲಿ ಅನುಮತಿ ಪಡೆದು ಅದೇ ಲ್ಯಾಬಿನಲ್ಲಿ ಲೋಹಗಳ ಗುಟ್ಟು ಕೆದಕುವುದು ಹವ್ಯಾಸ. ಕ್ಷ-ಕಿರಣ ತಾಗಿದರೆ ಪ್ರತಿ ಲೋಹವೂ ತನ್ನದೇ ಕಿರಣವನ್ನು ಮರಳಿಸುತ್ತದೆ. ಪರದೆಯ ಮೇಲೆ ತನಗೆ ನಿಗದಿಯಾದ ಜಾಗದಲ್ಲಿ ಗುಡ್ಡವಾಗಿ ಏಳುತ್ತದೆ. ತೊಡಕೆಂದರೆ, ನನ್ನ ಮೂಲ ಒಂದು ಬಲವಾದ ಕಿರಣದ ಜೊತೆ ಕೆಲವು ಪುಡಿ ಕಿರಣಗಳನ್ನೂ ಕಳಿಸುತ್ತದೆ. ಅವು ಪಾತ್ರೆಗೆ ಬಡಿದು ಚದುರಿ, ಸೀಸದ ಗುಡ್ಡ ಏಳಬೇಕಾದ ಕಡೆಯೇ ಸಂತೆ ನೆರೆಸುತ್ತವೆ. ಅದಕ್ಕೇ ಮೂಲದ ಬಾಯಿಗೆ ತೆಳುವಾದ ತಾಮ್ರದ ತಗಡು. ಅದು ಪುಡಿಯನ್ನು ತಡೆಯುತ್ತದೆ, ಮುಖ್ಯವಾದದ್ದನ್ನು ಬಿಡುತ್ತದೆ. ನನ್ನ ತಲೆಯೊಳಗಿನ ಜರಡಿ ಇದಕ್ಕೆ ತದ್ವಿರುದ್ಧ. ಪುಡಿ ಚಿಂತೆಗಳೆಲ್ಲ ಸಲೀಸಾಗಿ ಒಳಬರುತ್ತವೆ, ಮುಖ್ಯವಾದದ್ದು ಹೊರಗೇ ಕಾಯುತ್ತದೆ.

"ಈ ಕಿರಣ ಬೋಗುಣಿಗೆ ಹತ್ಕೊಂಡು ಕುಂದ್ರೂದಿಲ್ಲೇನ್ರಿ?"

"ಟಾರ್ಚ್ ಬಿಟ್ರ ಗೋಡಿಗೆ ಬೆಳಕು ಹತ್ಕೊಂಡು ಕುಂದ್ರತದೇನ್ರಿ ಅಕ್ಕಾರ?"

ಮಾತು ಮುಗಿಯುವಷ್ಟರಲ್ಲಿ ಪರದೆಯ ಮೇಲೆ ಸೀಸ ಎದ್ದಿತು. ಸಣ್ಣದೇ, ಆದರೆ ಅನುಮಾನಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟ. ಸುಶೀಲಕ್ಕ ನನ್ನ ಮುಖ ನೋಡಿಯೇ ತಿಳಿದುಕೊಂಡರು. "ನಿನ್ನೆ ಇದರಾಗ ಹಾಲು ಕಾಸಿ ಕೊಟ್ಟೀನ್ರಿ," ಎಂದರು, ಭಾಳ ಮೆತ್ತಗೆ.

ಸುಮ್ಮನಿರಲಾರದೆ ಬೋಗುಣಿಯನ್ನು ಪಕ್ಕಕ್ಕಿಟ್ಟು ಮತ್ತೆ ಉಪಕರಣ ಚಾಲೂ ಮಾಡಿದೆ. ಎದುರಿಗೆ ಏನೂ ಇಲ್ಲ. ಪರದೆಯ ಮೇಲೆ ಸೀಸದ ಗುಡ್ಡ ಮಾತ್ರ ಅಲ್ಲೇ ನಿಂತಿದೆ.

ತಗಡು ಎಲ್ಲಿ ಅಲ್ಲಾಡುತ್ತದೋ ಎಂದು ಹಿಂದಿನ ದಿನ ಅದರ ಅಂಚಿಗೆ ಬೆಸುಗೆ ಹಾಕಿದ್ದೆ. ಒಂದು ಕಡೆ ಸಾಲದೆಂದು ಸುತ್ತಲೂ. ರೇಡಿಯೊ ರಿಪೇರಿಯ ಆ ಬೆಸುಗೆಯಲ್ಲಿ ಇರುವುದೇ ತವರ, ಸೀಸ. ಪಾಪದ ಬೋಗುಣಿಯ ಮೇಲೆ ನನ್ನ ಜಾಗ್ರತೆಯೇ ಸುಳ್ಳು ಸಾಕ್ಷಿ ಹೇಳುತ್ತಿತ್ತು.

ಬೇರೆ ತಗಡು ಕತ್ತರಿಸಿ ಅಲ್ಯೂಮಿನಿಯಂ ಬಳೆಯಿಂದ ಒತ್ತಿ ಕೂರಿಸಿ, ಬೋಗುಣಿಯ ಒಳಮೈಯನ್ನು ಎಲ್ಲ ಕಡೆ ನೋಡಿದೆ. ಪರದೆಯ ಮೇಲೆ ತವರದ ಗುಡ್ಡ ನೆಟ್ಟಗೆ ನಿಂತಿತ್ತು, ಕಲಾಯಿಯ ಅಡಿಯ ಹಿತ್ತಾಳೆಯ ಗುರುತೂ ಇಣುಕುತ್ತಿತ್ತು. ಸೀಸದ ಜಾಗ ಬಯಲು.

"ನನ್ನ ಯಂತ್ರಕ್ಕ ಕಾಣೋವಷ್ಟು ಸೀಸ ಇಲ್ರಿ," ಎಂದೆ.

"ಇಲ್ಲ ಅಂತ ಸೀದಾ ಹೇಳಾಕ ಬರೂದಿಲ್ಲೇನ್ರಿ ನಿಮಗ?" ಎಂದು ಕಣ್ಣೊರೆಸಿಕೊಂಡು ನಕ್ಕರು.

ಸಂಜೆ ಅದೇ ಬೋಗುಣಿಯಲ್ಲಿ ಗೋಧಿ ಹುಗ್ಗಿ ಕುದಿಯಿತು. ಮಗಳು ಎರಡು ಸಲ ಬಡಿಸಿಕೊಂಡಳು. ಕೆಟ್ಟದ್ದು ಒಂದೇ: ಸುಶೀಲಕ್ಕ ಕೈಯಾಡಿಸುವುದನ್ನು ಬಿಟ್ಟು, ತಾಮ್ರದ ತಗಡಿನ ಮಹಿಮೆ ಕುರಿತ ನನ್ನ ಮಾತನ್ನು ಮರ್ಯಾದೆಗೆಂದು ಕೇಳುತ್ತ ನಿಂತಿದ್ದರಿಂದ, ಹುಗ್ಗಿ ಸ್ವಲ್ಪ ತಳ ಹಿಡಿಯಿತು.