ಖಾಲಿ ಮನೆಯ ಮುಂದೆ ಕೂಗುವವಳು

ಧಪ್. ಧಪ್. ಧಪ್. ಒರಳಿಗೆ ಒನಕೆ ಬೀಳುವ ಸದ್ದು.

ಇಳಿಹೊತ್ತಿನಲ್ಲಿ ನಮ್ಮೂರು ಉಮುವೆಕೆಯ ಕೆಂಪು ದಾರಿಯಲ್ಲಿ ಹೊಸಬರು ಯಾರಾದರೂ ಹಾದುಹೋದರೆ, ಆ ಎತ್ತರದ ಗೋಡೆಯಾಚೆ ತುಂಬಿದ ಮನೆಯೊಂದು ರಾತ್ರಿಯ ಊಟಕ್ಕೆ ಬೆಂದ ಗೆಡ್ಡೆ ಕುಟ್ಟುತ್ತಿದೆ ಎಂದುಕೊಳ್ಳಬೇಕು. ಆದರೆ ಒರಳಿನಲ್ಲಿರುವುದು ಹಳೆಯ ಬಟ್ಟೆಯ ಒದ್ದೆ ಉಂಡೆ. ಬರಿಯ ಒರಳಿಗೆ ಕುಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಕಳ್ಳನ ಕಿವಿಗೆ ಅದು ತಿಳಿಯುತ್ತದೆ. ಒದ್ದೆ ಬಟ್ಟೆಯಾದರೆ ಗೆಡ್ಡೆಯ ಹಾಗೆಯೇ ಪೆಟ್ಟು ನುಂಗುತ್ತದೆ. ಖಾಲಿ ಮನೆಗಳನ್ನು ಕಾಯುವ ಒಯಿದಿಯಾ ಇದನ್ನು ಯಾರಿಂದಲೂ ಕಲಿತದ್ದಲ್ಲ.

ನಮ್ಮೂರಿನಲ್ಲಿ ಜನರಿಗಿಂತ ಮನೆಗಳು ದೊಡ್ಡವು. ಲೇಗೋಸಿನಲ್ಲಿ, ಕಾನೋದಲ್ಲಿ, ಗಡಿಯಾಚೆ ದುವಾಲಾದಲ್ಲಿ ವ್ಯಾಪಾರ ಮಾಡುವವರು ಹುಟ್ಟೂರಿನಲ್ಲಿ ಉಪ್ಪರಿಗೆ ಎಬ್ಬಿಸುತ್ತಾರೆ, ಕ್ರಿಸ್‌ಮಸ್ಸಿಗೆ ಬಂದು ನಾಲ್ಕು ದಿನ ದೀಪ ಉರಿಸುತ್ತಾರೆ, ಹೊಸ ವರ್ಷ ಹಳತಾಗುವ ಮೊದಲೇ ಬೀಗ ಹಾಕಿ ಹೊರಡುತ್ತಾರೆ. ಆಮೇಲೆ ಉಳಿಯುವುದು ಗೋಡೆಯ ಮೇಲೆ ನೆಟ್ಟ ಗಾಜಿನ ಚೂರು, ಹರ್ಮಟಾನ್ ಗಾಳಿ ಹೊತ್ತು ತರುವ ಬಿಳಿ ಧೂಳು, ಮತ್ತು ಸೊಂಟಕ್ಕೆ ಬೀಗದ ಕೈಗಳ ಗೊಂಚಲು ಕಟ್ಟಿಕೊಂಡ ಒಯಿದಿಯಾ. ಬೆಳಿಗ್ಗೆ ಅವಳು ಕಿಟಕಿಗಳನ್ನು ತೆರೆಯುತ್ತಾಳೆ. ಹಗ್ಗದ ಮೇಲೆ ಗಂಡಸರ ಅಂಗಿ, ಮಕ್ಕಳ ಚಡ್ಡಿ ಒಗೆದು ಹಾಕುತ್ತಾಳೆ. ಬಾಗಿಲ ಮುಂದಿನ ಚಪ್ಪಲಿಗಳನ್ನು ದಿನಕ್ಕೊಂದು ಕಡೆ ಬಿಡುತ್ತಾಳೆ. ಒಲೆ ಹೊತ್ತಿಸಿ ಹೊಗೆ ಎಬ್ಬಿಸುತ್ತಾಳೆ. ಜನರೇಟರಿನ ಹಗ್ಗ ಎಳೆದು ನೋಡುತ್ತಾಳೆ. ಕೊನೆಗೆ ಅಂಗಳದ ಮರಳನ್ನು ಹಿಂದೆ ಹಿಂದೆ ನಡೆಯುತ್ತಾ ಪೊರಕೆಯಿಂದ ಬಾಚುತ್ತಾಳೆ, ಗೆರೆಗೆರೆಯಾಗಿ, ಬಾಚಿದ ಕೂದಲಿನ ಹಾಗೆ. ಆ ಗೆರೆ ದಾಟಿದ ಕಾಲು ಬೆಕ್ಕಿನದೋ ಮನುಷ್ಯನದೋ ಮಾರನೆಯ ದಿನ ಅವಳಿಗೆ ಗೊತ್ತಾಗುತ್ತದೆ.

ಮುಸ್ಸಂಜೆಗೆ ಕೂಗುವುದು. ಆಯಾ ಮನೆಯ ಯಜಮಾನನ ಹೆಸರು ಹಿಡಿದು, ರಸ್ತೆಗೆ ಕೇಳುವ ಹಾಗೆ: "ಓ ಅನೋಸಿಕೆ ಅಣ್ಣಾ, ನೀರು ಕಾದಿದೆ, ಸ್ನಾನಕ್ಕೆ ಬನ್ನಿ."

ಒವೆರಿ ರಸ್ತೆಯಲ್ಲಿ ಮುಚ್ಚಿಹೋದ ಬೇಕರಿಯೂ ಒಂದು ದಿನವೂ ತೆರೆಯದ ಪೆಟ್ರೋಲ್ ಬಂಕೂ ಅವಳ ಕಾವಲಿನವೇ. ಅಲ್ಲಿ ಅವಳು ಕೂಗುವುದಿಲ್ಲ. "ಅಂಗಡಿಗೆ ಬೀಗ ಸಾಕು. ಮನೆಗೆ ಮಾತು ಬೇಕು" ಎನ್ನುತ್ತಾಳೆ.

ದಾರಿಯಲ್ಲಿ ನೀರು ಹೊರುವ ಹೆಂಗಸರು ಗೇಟಿನ ಸಂದಿಯಲ್ಲಿ ಇಣುಕಿ ಕೆಣಕುತ್ತಿದ್ದರು. "ಏನೇ ಒಯಿದಿಯಾ, ಇವತ್ತು ಗಾಳಿಗೆ ಏನು ಸಾರು ಮಾಡಿದೀಯ?"

"ನಿನ್ನೆ ಉಳಿದಿದ್ದೇ. ತಟ್ಟೆ ತಗೊಂಡು ಬಾ, ನಿಂಗೂ ಬಡಿಸ್ತೀನಿ. ನಿನ್ನ ಗಂಡ ಹಾಕಿದ್ದಕ್ಕಿಂತ ಜಾಸ್ತಿನೇ ಇರುತ್ತೆ."

ಅವಳು ಈ ಕೆಲಸಕ್ಕೆ ಬಂದದ್ದು ಹೇಗೆ ಎಂದು ಯಾರೂ ಕೇಳುತ್ತಿರಲಿಲ್ಲ, ಯಾಕೆಂದರೆ ಎಲ್ಲರೂ ನೋಡಿದ್ದರು. ಗಂಡ ಸತ್ತಾಗ ಅವಳು ತವರಿನಲ್ಲಿ ಬಾಣಂತಿ. ಕೂಸು ಗಂಡಲ್ಲ, ಆಮೇಲೆ ಉಳಿಯಲೂ ಇಲ್ಲ. ಸುದ್ದಿ ತಿಳಿದು ಅವಳು ಬರುವಷ್ಟರಲ್ಲಿ ಗಂಡನ ಕುಲದವರು ಬಾಗಿಲಿಗೆ ತಾಳೆಯ ಎಳೆಗರಿ ಕಟ್ಟಿದ್ದರು. ಆ ಹಳದಿ ಗರಿ ಕಟ್ಟಿದ ಮನೆಗೆ ಕುಲದ ಸಭೆ ಕೂತು ಬಿಚ್ಚುವ ತನಕ ಯಾರೂ ಕಾಲಿಡುವಂತಿಲ್ಲ, ಹೆಂಡತಿಯೂ. ಸಭೆ ಕೂರುತ್ತದೆ, ತನಗೆ ತೋಚಿದಾಗ. ಅವಳ ಮನೆಯ ಗರಿ ಬಿಚ್ಚಿದ ದಿನ ಒಳಗೆ ಪಾತ್ರೆ ಇರಲಿಲ್ಲ, ಮಂಚ ಇರಲಿಲ್ಲ, ಒಳಕೋಣೆಯ ಬಾಗಿಲ ಚೌಕಟ್ಟನ್ನೂ ಕಿತ್ತಿದ್ದರು. ಗರಿ ಮಾತ್ರ ಬಿಚ್ಚುವ ತನಕ ಕಟ್ಟಿದ ಹಾಗೆಯೇ ಇತ್ತು, ಒಣಗಿ. ಯಾವ ಕಳ್ಳನೂ ಹೊರಗಿನಿಂದ ಬಂದಿರಲಿಲ್ಲ. ಅಂದಿನಿಂದ ಅವಳು ಬೇರೆಯವರ ಮನೆ ಕಾಯುತ್ತಾಳೆ.

ಈ ಸಲದ ಕ್ರಿಸ್‌ಮಸ್ಸಿಗೆ ಅನೋಸಿಕೆ ಬರಲಿಲ್ಲ. ದುವಾಲಾದಲ್ಲಿ ಲಾರಿಯ ಬಿಡಿಭಾಗ ಮಾರುವವನು, ಗಟ್ಟಿ ನಗುವಿನ ಮನುಷ್ಯ, ಹೆಂಡತಿ ಉಲುಮ್ಮಾ, ಮೂವರು ಹೆಣ್ಣುಮಕ್ಕಳು. ಊರಿನ ಅತಿ ಎತ್ತರದ ಉಪ್ಪರಿಗೆ ಅವನದು. ವ್ಯಾಪಾರ ಬಿದ್ದಿರಬೇಕು ಎಂದರು ಕೆಲವರು. ಅವನ ತಮ್ಮ ಒಸೂಜಿ ಏನೂ ಹೇಳದೆ ದಿನವೂ ಆ ಗೋಡೆಯ ಪಕ್ಕದಲ್ಲಿ ಹಾದುಹೋಗತೊಡಗಿದ, ಕತ್ತು ಮೇಲೆತ್ತಿ, ಕಿಟಕಿಗಳನ್ನು ನೋಡುತ್ತಾ.

ಹಬ್ಬಕ್ಕೆ ಬಂದವರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ಒಯಿದಿಯಾಳ ಫೋನು ಬಡಿದುಕೊಂಡಿತು. ಉಲುಮ್ಮಾಳ ದನಿ.

"ಅಕ್ಕಾ, ಮನೆ ಗುಡಿಸಿದೀಯಾ?"

"ದಿನಾ ಗುಡಿಸ್ತೀನಲ್ಲಮ್ಮ."

"ನಾವು ಬರ್ತಾ ಇದೀವಿ. ಗಡಿಯಲ್ಲಿ ಕಾಗದ ಪತ್ರ ಅಂತ ನಿಲ್ಲಿಸಿದಾರೆ. ಇಷ್ಟೇ ದಿನ ಅಂತ ಹೇಳಕ್ಕಾಗಲ್ಲ." ಅವಳು ದನಿ ತಗ್ಗಿಸಿದಳು. "ಅವರೂ ಬರ್ತಾ ಇದಾರೆ. ಕೆಳಗಿನ ಹಾಲ್ ಖಾಲಿ ಮಾಡಿಸು ಅಕ್ಕಾ. ಅವರು ಮೆಟ್ಟಿಲು ಹತ್ತಲ್ಲ."

ಒಯಿದಿಯಾ ಅಲ್ಲೇ ಮರಳಿನ ಮೇಲೆ ಕೂತಳು. ನಮ್ಮಲ್ಲಿ ಸಾವನ್ನು ಯಾರೂ ಸಾವು ಎಂದು ಹೇಳುವುದಿಲ್ಲ. ಅನೋಸಿಕೆ ಸತ್ತಿದ್ದ. ಗಡಿಯ ಆಚೆ ಯಾವುದೋ ತಣ್ಣನೆಯ ಕೋಣೆಯಲ್ಲಿ ಮಲಗಿದ್ದ.

"ಯಾರಿಗೂ ಹೇಳಬೇಡ ಅಕ್ಕಾ" ಎಂದಳು ಉಲುಮ್ಮಾ. "ನಂಗಿರೋದು ಹೆಣ್ಣುಮಕ್ಕಳೇ, ಹಕ್ಕು ಕೇಳೋ ಗಂಡುಮಗ ಇಲ್ಲ, ಗೊತ್ತಲ್ಲ ನಿಂಗೆ. ಒಸೂಜಿಗೆ ಗೊತ್ತಾದ್ರೆ ಗರಿ ಕಟ್ಟಿಸ್ತಾನೆ. ನಾನು ನನ್ನ ಗಂಡನ್ನ ರಸ್ತೇಲಿ ಇಳಿಸ್ಕೋಬೇಕಾಗುತ್ತೆ."

ಶವ ಒಳಗೆ ಹೋದ ಮನೆಗೆ ಗರಿ ಕಟ್ಟುವಂತಿಲ್ಲ. ಅದೂ ನಮ್ಮ ಕಟ್ಟಳೆಯೇ. ಯಾವುದು ಮೊದಲು ಬಾಗಿಲು ಮುಟ್ಟುತ್ತದೆ, ಶವವೋ ಗರಿಯೋ, ಅಷ್ಟೇ ಪ್ರಶ್ನೆ.

ಅಂದು ಸಂಜೆ ಒನಕೆ ಕೆಳಗಿಟ್ಟು ಒಯಿದಿಯಾ ಮೆಟ್ಟಿಲ ಬುಡಕ್ಕೆ ಬಂದು ನಿಂತಳು. ಮಣ್ಣು ಸೇರದ ಸತ್ತವನ ಹೆಸರನ್ನು ಅವನ ಮನೆಯ ಮುಂದೆ ನಿಂತು ಕೂಗುವ ಎದೆ ಇಲ್ಲಿ ಯಾರಿಗೂ ಇಲ್ಲ. ಅವನು ಇನ್ನೂ ದಾರಿಯಲ್ಲಿರುತ್ತಾನೆ. ಕರೆದರೆ ಬರುತ್ತಾನೆ. ಬಂದವನನ್ನು ಕಳಿಸುವುದು ಕರೆದವಳ ಕೈಯಲ್ಲಿಲ್ಲ.

ಆದರೆ ಇದು ಒಸೂಜಿಗೂ ಗೊತ್ತಿತ್ತು. ಅವನು ಗೋಡೆಯ ಪಕ್ಕ ನಡೆಯುತ್ತಿದ್ದದ್ದು ಕಿಟಕಿ ನೋಡಲು ಮಾತ್ರವಲ್ಲ, ಕೂಗು ಕೇಳಲು. ಕೂಗು ನಿಂತ ಸಂಜೆ ಅಣ್ಣ ಇಲ್ಲವೆಂದು ಅವನಿಗೆ ತಿಳಿಯುತ್ತದೆ. ಗೋಡೆಯಾಚೆ ಅವನ ಚಪ್ಪಲಿಯ ಸದ್ದು ನಿಂತದ್ದು ಒಯಿದಿಯಾಳಿಗೆ ತಿಳಿಯಿತು.

"ಓ ಅನೋಸಿಕೆ ಅಣ್ಣಾ" ಎಂದಳು. ಅವಳ ದನಿ ಅವಳದೇ ಅನ್ನಿಸಲಿಲ್ಲ. "ನೀರು ಕಾದಿದೆ. ಸ್ನಾನಕ್ಕೆ ಬನ್ನಿ."

ಚಪ್ಪಲಿ ಮುಂದೆ ಹೋಯಿತು. ಮನೆ ಸುಮ್ಮನಿತ್ತು. ಸುಮ್ಮನಿದ್ದದ್ದು ಬೇರೆ ಥರ ಇತ್ತು ಎಂದು ಆಮೇಲೆ ಅವಳೇ ಹೇಳಿದಳು. ಖಾಲಿ ಮನೆಯ ಮೌನ ಅವಳಿಗೆ ಹೊಸದಲ್ಲ. ಇದು ಯಾರೋ ಮಾತು ಕೇಳಿಸಿಕೊಂಡು, ಉತ್ತರ ಕೊಡಲೋ ಬೇಡವೋ ಎಂದು ಯೋಚಿಸುವಾಗಿನ ಮೌನ.

ಮಾರನೆಯ ಬೆಳಿಗ್ಗೆ ಅಂಗಳದ ಗೆರೆಗಳು ಹಾಗೆಯೇ ಇದ್ದವು. ಒಂದು ಕೋಳಿಯೂ ದಾಟಿರಲಿಲ್ಲ. ಬೀಗ ತೆಗೆದು ಮೇಲೆ ಹೋದರೆ, ಗೋಡೆಯ ಕಡೆ ಮುಖ ಮಾಡಿದ್ದ ಬೆತ್ತದ ಕುರ್ಚಿ ದಾರಿಯ ಕಡೆ ತಿರುಗಿತ್ತು. ಅದರ ಕೈಯ ಮೇಲಿನ ಧೂಳು ಒರೆಸಿದಂತಿತ್ತು. ಅವಳು ಕುರ್ಚಿಯನ್ನು ಮೊದಲಿನ ಹಾಗೆ ಇಡಲು ಕೈ ಚಾಚಿ, ಹಾಗೇ ಬಿಟ್ಟು ಕೆಳಗಿಳಿದಳು.

ಸಂಜೆ ಮತ್ತೆ ಕೂಗಿದಳು. ದಿನವೂ ಕೂಗಿದಳು. ಬಿಸಿನೀರಿಗೆ ಕರೆದಳು, ಎಲೆಸಾರಿಗೆ ಕರೆದಳು, ಬಂದವರಿಗೆ ಕೋಲಾ ಕಾಯಿ ಹಂಚಲು ಕರೆದಳು. ಒಂದೊಂದು ಕೂಗಿಗೂ ಮನೆ ಸ್ವಲ್ಪ ಸ್ವಲ್ಪವೇ ತುಂಬುತ್ತಾ ಬಂತು. ಬೆಳಿಗ್ಗೆ ಒಳಗೆ ಕಾಲಿಟ್ಟರೆ ಬೀಗ ಹಾಕಿದ ಮನೆಯ ವಾಸನೆ ಇಲ್ಲ, ಈಗತಾನೇ ಯಾರೋ ಎದ್ದುಹೋದ ಬೆಚ್ಚಗಿನ ವಾಸನೆ. ಹೊಗೆಸೊಪ್ಪಿನದೋ, ಬೆವರಿನದೋ. ಒಯಿದಿಯಾ ತೆಳ್ಳಗಾದಳು. ನೀರು ಹೊರುವ ಹೆಂಗಸರು ಗೇಟಿನ ಹತ್ತಿರ ಈಗ ನಿಲ್ಲುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ.

"ಕ್ಷಮಿಸಿ ಅಣ್ಣಾ" ಎಂದು ಒಂದು ದಿನ ಮೆಟ್ಟಿಲ ಬುಡದಲ್ಲಿ ನಿಂತು ಅವಳು ಮೆಲ್ಲಗೆ ಹೇಳಿದಳಂತೆ. "ನಿಮ್ಮನ್ನ ಮಲಗಕ್ಕೆ ಬಿಡ್ತಾ ಇಲ್ಲ ನಾನು. ಮಕ್ಕಳಿಗೋಸ್ಕರ. ಸ್ವಲ್ಪ ತಡ್ಕೊಳಿ."

ಅಂತೂ ಉಲುಮ್ಮಾಳ ಫೋನು ಬಂತು. ಗಡಿ ದಾಟಿದೆವು, ಈ ರಾತ್ರಿ ಗಡಿಯ ಈಚೆಗಿನ ಇಕೋಮಿನಲ್ಲಿ ಉಳಿದು ಕೋಳಿ ಕೂಗುವ ಮೊದಲೇ ಹೊರಡುತ್ತೇವೆ, ಊರು ಏಳುವ ಹೊತ್ತಿಗೆ ಬಾಗಿಲಲ್ಲಿರುತ್ತೇವೆ. ಒಯಿದಿಯಾ ಹಾಲಿನ ಕುರ್ಚಿಗಳನ್ನೆಲ್ಲ ಹಿಂದಿನ ಕೋಣೆಗೆ ಸಾಗಿಸಿದಳು. ಹಾಸಿಗೆಯ ಬಟ್ಟೆ ಒಗೆದು ಹಾಕಿದಳು. ಉಪ್ಪರಿಗೆಯ ಕಿಟಕಿಯನ್ನು ಗಾಳಿಯಾಡಲೆಂದು ಅಗಲಕ್ಕೆ ತೆರೆದಳು.

ಅಂದೇ ಇಳಿಹೊತ್ತಿನಲ್ಲಿ ಗೇಟಿನ ಸದ್ದಾಯಿತು. ಮುಂದೆ ಊರು ಗೌರವದಿಂದ ಮಾಝಿ ಎನ್ನುವ ಕುಲದ ಹಿರಿಯ ಎಕೆಯೋಮ, ಹಿಂದೆ ಒಸೂಜಿ. ಒಸೂಜಿಯ ಕೈಯಲ್ಲಿ ಆಗತಾನೇ ಕಿತ್ತ ಎಳೆಗರಿ, ಆ ಮಬ್ಬು ಬಿಸಿಲಿನಲ್ಲಿ ದೀಪದ ಹಾಗೆ ಹಳದಿ. ಇಬ್ಬರೂ ಬಾಚಿದ ಗೆರೆಗಳನ್ನು ತುಳಿದುಕೊಂಡು ಬಂದರು.

"ಏನಮ್ಮ ನಮ್ಮ ಹೆಂಡ್ತಿ, ಆರೋಗ್ಯನಾ?" ಎಂದರು ಮಾಝಿ. ಊರಿಗೆ ಮದುವೆಯಾಗಿ ಬಂದವಳನ್ನು ಕುಲದ ಗಂಡಸರು ಕರೆಯುವುದೇ ಹಾಗೆ, ಗಂಡ ಇರಲಿ ಬಿಡಲಿ.

"ಚೆನ್ನಾಗಿದೀನಿ ಅಪ್ಪಾ. ಕೂತ್ಕೊಳಿ."

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಒಸೂಜಿ ಗರಿಯನ್ನು ಮೊಣಕಾಲ ಮೇಲಿಟ್ಟುಕೊಂಡ. "ಇಕೋಮಿನಿಂದ ಬಂದ ಡ್ರೈವರ್ ಒಬ್ಬ ಸಿಕ್ಕಿದ್ದ. ಗಡಿಯಲ್ಲಿ ಒಂದು ಪೆಟ್ಟಿಗೆ ನಿಂತಿತ್ತಂತೆ. ಪೆಟ್ಟಿಗೆ ಪಕ್ಕ ನಮ್ಮ ಕಡೆ ಹೆಂಗಸು, ಮೂರು ಹೆಣ್ಣುಮಕ್ಕಳು. ನಿಂಗೇನಾದ್ರೂ ಗೊತ್ತಾ?"

"ನಂಗೆ ಗೊತ್ತಿರೋದು ಪೊರಕೆ, ಬೀಗ."

ಒಸೂಜಿ ಕೂತಲ್ಲಿಂದಲೇ ತೆರೆದ ಬಾಗಿಲಲ್ಲಿ ಇಣುಕಿದ. "ಹಾಲ್ ಯಾಕೆ ಖಾಲಿ?"

"ಗೆದ್ದಲು ಹಿಡಿದಿತ್ತು."

"ಗೆದ್ದಲಂತೆ." ಒಸೂಜಿ ನಕ್ಕ. "ಅಪ್ಪಾ, ನೋಡಿ, ಇವಳ ಬಾಯಿ ಬೀಗಕ್ಕಿಂತ ಗಟ್ಟಿ. ಕಟ್ಟಿಬಿಡೋಣ, ನಡೀರಿ."

ಮಾಝಿ ಕೈ ಎತ್ತಿದರು. "ತಡಿ. ಬದುಕಿರೋನ ಬಾಗಿಲಿಗೆ ಗರಿ ಕಟ್ಟಿದ್ರೆ ಕಟ್ಟಿದವನ ಮನೆ ಒಣಗುತ್ತೆ. ನಂಗೆ ಮೊಮ್ಮಕ್ಕಳಿದಾರೆ." ಅವರು ಒಯಿದಿಯಾಳ ಕಡೆ ತಿರುಗಿದರು. "ಇವನು ಹೇಳ್ತಾನೆ, ನೀನು ದಿನಾ ಸಂಜೆ ಕೂಗ್ತೀಯ ಅಂತ. ಈಗ ಕೂಗು. ನಮ್ಮೆದುರಿಗೆ, ನನ್ನ ಮುಖ ನೋಡ್ಕೊಂಡು. ಅವನು ಸತ್ತಿದ್ರೆ ನಿನ್ನ ಕೈಲಿ ಆಗಲ್ಲ. ಅಷ್ಟು ನಂಗೆ ಗೊತ್ತು."

ಗಾಳಿ ನಿಂತುಹೋಗಿತ್ತು. ಹಗ್ಗದ ಮೇಲಿನ ಬಟ್ಟೆ ಅಲುಗುತ್ತಿರಲಿಲ್ಲ. ಒಯಿದಿಯಾ ಮುದುಕರ ಮುಖದಿಂದ ಕಣ್ಣು ತೆಗೆಯದೆ ಕೂಗಿದಳು.

"ಓ ಅನೋಸಿಕೆ ಅಣ್ಣಾ. ನಿಮ್ಮೋರು ಬಂದಿದಾರೆ."

ಮೇಲೆ, ಅಗಲಕ್ಕೆ ತೆರೆದಿದ್ದ ಕಿಟಕಿಯ ಬಾಗಿಲು ಅವಸರವಿಲ್ಲದೆ ಬಂದು ಮುಚ್ಚಿಕೊಂಡಿತು. ಆಮೇಲೆ ಒಳಗಿನಿಂದ ಚಿಲಕ ಸರಿದ ಸದ್ದು, ತುಕ್ಕು ಹಿಡಿದ ಕಬ್ಬಿಣದ ಉದ್ದನೆಯ ಸದ್ದು.

ಮೂವರೂ ತಲೆಯೆತ್ತಿ ನೋಡಿದರು.

"ಗಾಳಿ" ಎಂದರು ಮಾಝಿ.

"ಗಾಳಿ ಚಿಲಕ ಹಾಕುತ್ತಾ ಅಪ್ಪಾ?" ಒಸೂಜಿಯ ದನಿ ತೆಳುವಾಗಿತ್ತು. ಅವನು ಒಯಿದಿಯಾಳಿಗೆ ಹೇಳಿದ, "ಯಾರನ್ನ ಕೂರಿಸಿದೀಯ ಮೇಲೆ? ನಿಜ ಹೇಳು."

ಅವಳು ಸೊಂಟದ ಗೊಂಚಲು ಬಿಚ್ಚಿ, ಉಪ್ಪರಿಗೆಯ ಬೀಗದ ಕೈಯನ್ನು ಆರಿಸಿ ಅವನ ಮುಂದೆ ಹಿಡಿದಳು. "ನೀವೇ ಹೋಗಿ ನೋಡ್ಕೊಂಡು ಬನ್ನಿ. ನಿಮ್ಮಣ್ಣನ ಮನೆ ತಾನೇ."

ಬೀಗದ ಕೈ ಅವಳ ಅಂಗೈಯಲ್ಲೇ ಇತ್ತು. ಒಸೂಜಿ ಅದನ್ನು ನೋಡಿದ, ಮಾಝಿಯನ್ನು ನೋಡಿದ. ಮಾಝಿ ಊರುಗೋಲು ಊರಿ ಎದ್ದು, ಗರಿಯನ್ನು ಒಸೂಜಿಯ ಮೊಣಕಾಲಿನಿಂದ ತೆಗೆದುಕೊಂಡು ತಮ್ಮ ಬೆನ್ನ ಹಿಂದೆ ಹಿಡಿದುಕೊಂಡರು, ಮನೆಗೆ ಕಾಣದ ಹಾಗೆ.

"ನಾಳೆ ನೋಡೋಣ" ಎಂದರು. "ಬಿಸಿಲೇರಿದ ಮೇಲೆ. ನಾಲ್ಕು ಜನ ಕರ್ಕೊಂಡು."

"ನಾಳೆ ಅಂದ್ರೆ ಅಷ್ಟೊತ್ತಿಗೆ ಉಲುಮ್ಮಾ ಪೆಟ್ಟಿಗೆ ಸಮೇತ ಬಂದುಬಿಟ್ಟಿರ್ತಾಳೆ ಅಪ್ಪಾ" ಎಂದು ಒಸೂಜಿ ಗೋಗರೆದ. ಹಿರಿಯರು ಆಗಲೇ ಗೇಟಿನ ಕಡೆ ನೋಡುತ್ತಿದ್ದರು. ಅವನು ಒಯಿದಿಯಾಳ ಕಡೆ ಹೊರಳಿದ. "ನೋಡು ಅತ್ತಿಗೆ, ನಾನು ಕೆಟ್ಟವನಲ್ಲ. ಅವನು ನನ್ನನ್ನ ತನ್ನ ಬೆನ್ನ ಮೇಲೆ ಹೊತ್ಕೊಂಡು ಹೊಳೆ ದಾಟಿಸಿದೋನು. ಒಂದೇ ಮಾತು ಹೇಳು ಸಾಕು. ಮೇಲಿರೋದು ಅವನೇನಾ? ನಮ್ಮ ಮಾತೆಲ್ಲ ಕೇಳಿಸ್ಕೊಂಡನಾ? ನನ್ನ ಮೇಲೆ ಅವನಿಗೆ..."

ಒಯಿದಿಯಾ ಬಾಗಿಲ ಕಡೆ ಕತ್ತು ಓರೆ ಮಾಡಿ ನಿಂತಿದ್ದಳು, ಒಳಗಿನಿಂದ ಯಾರೋ ಏನೋ ಕೇಳಿದ್ದಾರೆ, ಸರಿಯಾಗಿ ಕೇಳಿಸಲಿಲ್ಲ ಎಂಬ ಹಾಗೆ. "ಬಂದೆ" ಎಂದಳು, ಒಸೂಜಿಗಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಅವನು ಇನ್ನೂ ಕೇಳುತ್ತಿರುವಾಗಲೇ, ಹೊಸ್ತಿಲು ದಾಟಿ ಒಳಗೆ ನಡೆದಳು.